ಯುದ್ಧ ಮುಗಿದ ಮೇಲಿನ ದಾರಿ

1969ರ ಒಂದು ರಾತ್ರಿ, ಕ್ಯಾಲಿಫೋರ್ನಿಯಾದ ಓಕ್‌ಲ್ಯಾಂಡ್ ಸೇನಾ ನೆಲೆ. ವಿಯೆಟ್ನಾಂನಿಂದ ಈಗಷ್ಟೇ ಬಂದಿಳಿದ ಹುಡುಗರು ಸಾಲುಗಟ್ಟಿ ನಿಂತಿದ್ದಾರೆ. ಹೆಚ್ಚಿನವರದು ಇಪ್ಪತ್ತರ ಆಸುಪಾಸಿನ ವಯಸ್ಸು. ಉಗುರಿನ ಸಂದಿಯಲ್ಲಿ ಇನ್ನೂ ಅಲ್ಲಿನ ಕೆಂಪು ಮಣ್ಣಿದೆ. ಹಳೆಯ ಬಟ್ಟೆ ಬಿಚ್ಚಿಟ್ಟು ಹೊಸ ಸಮವಸ್ತ್ರ ತೊಡಬೇಕು, ಕಾಗದಗಳಿಗೆ ಸಹಿ ಹಾಕಬೇಕು, ಬಾಕಿ ಸಂಬಳ ಎಣಿಸಿಕೊಳ್ಳಬೇಕು. ಕೊನೆಗೆ ಸೇನೆಯ ಲೆಕ್ಕದಲ್ಲಿ ಒಂದು ಭರ್ಜರಿ ಮಾಂಸದೂಟ. ಕೈ ತೊಳೆದು ಹೊರಗೆ ಬಂದರೆ ಮುಗಿಯಿತು, ಮನೆಗೆ ಹೋಗಬಹುದು.

ಎರಡು ದಿನದ ಹಿಂದೆ ಇದೇ ಹುಡುಗ ಕಾಡಿನ ಕತ್ತಲಲ್ಲಿ ಎಲೆ ಅಲ್ಲಾಡಿದರೂ ಬಂದೂಕಿನ ಕುದುರೆಯ ಮೇಲೆ ಬೆರಳಿಟ್ಟು ಕೂತಿದ್ದ. ನಾಳೆ ಬೆಳಿಗ್ಗೆ ಅಮ್ಮನ ಅಡುಗೆಮನೆಯಲ್ಲಿ ಕಾಫಿ ಕುಡಿಯುತ್ತಿರುತ್ತಾನೆ. ನಡುವೆ ಇರುವುದು ಒಂದು ವಿಮಾನ ಪ್ರಯಾಣ ಮಾತ್ರ.

ಯುದ್ಧದಿಂದ ಬಂದವರಿಗೆ ನಿದ್ದೆ ಬರುವುದಿಲ್ಲ, ಸಿಟ್ಟು ಬೇಗ ಬರುತ್ತದೆ, ಕೆಲವರು ಕುಡಿತಕ್ಕೆ ಬೀಳುತ್ತಾರೆ ಎಂಬುದು ಸಿನಿಮಾ ನೋಡಿದ ಎಲ್ಲರಿಗೂ ಗೊತ್ತು. ಹಾಗೇಕೆ ಆಗುತ್ತದೆ, ಅದರಿಂದ ಹೊರಬರಲು ಅವರು ಏನೇನು ಮಾಡುತ್ತಾರೆ ಎಂಬುದು ಅಷ್ಟಾಗಿ ಗೊತ್ತಿಲ್ಲ. ಅಮೆರಿಕದಿಂದ ವಿಯೆಟ್ನಾಂಗೆ ಹೋಗಿ ಬಂದ ಸುಮಾರು 27 ಲಕ್ಷ ಜನರ ಕಥೆ ಇದನ್ನು ತಿಳಿಯಲು ಒಳ್ಳೆಯ ದಾರಿ. ಈ ವಿಷಯದಲ್ಲಿ ವೈದ್ಯಲೋಕ ಇವತ್ತು ಬಲ್ಲ ಎಷ್ಟೋ ಸಂಗತಿಗಳನ್ನು ಮೊದಲು ಕಲಿಸಿಕೊಟ್ಟವರು ಅವರೇ.

ಒಬ್ಬೊಬ್ಬರಾಗಿ ಹೋದರು, ಒಬ್ಬೊಬ್ಬರಾಗಿ ಬಂದರು

ಎರಡನೇ ಮಹಾಯುದ್ಧ ಮುಗಿದಾಗ ಸೈನಿಕರು ಹಡಗಿನಲ್ಲಿ ವಾರಗಟ್ಟಲೆ ಪ್ರಯಾಣ ಮಾಡಿ ಊರು ಸೇರಿದರು. ಡೆಕ್ಕಿನ ಮೇಲೆ ಕೂತು ಮಾತಾಡಲು, ಸತ್ತವರನ್ನು ನೆನೆದು ಅಳಲು, ಜಗಳವಾಡಲು ಬೇಕಾದಷ್ಟು ಹೊತ್ತಿತ್ತು. ಪಕ್ಕದಲ್ಲಿ ಇದ್ದವರೂ ಅದನ್ನೇ ಕಂಡು ಬಂದವರು.

ವಿಯೆಟ್ನಾಂನಲ್ಲಿ ಹಾಗಾಗಲಿಲ್ಲ. ಪ್ರತಿಯೊಬ್ಬನಿಗೂ ಸುಮಾರು ಒಂದು ವರ್ಷದ ಅವಧಿ. ತುಕಡಿಯಲ್ಲಿ ಒಬ್ಬ ಸತ್ತರೆ ಅಥವಾ ಅವನ ಅವಧಿ ಮುಗಿದರೆ ಆ ಜಾಗಕ್ಕೆ ಇನ್ನೊಬ್ಬ ಹೊಸಬ ಬರುತ್ತಿದ್ದ. ಹೋಗುವಾಗಲೂ ಒಬ್ಬಂಟಿ, ಬರುವಾಗಲೂ ಒಬ್ಬಂಟಿ. ಗೆಳೆಯರನ್ನು ಕಾಡಿನಲ್ಲೇ ಬಿಟ್ಟು ನಾನೊಬ್ಬ ಪಾರಾಗಿ ಬಂದೆ ಎಂಬ ಅಳುಕು ಬೇರೆ. ಮನೆಗೆ ಬಂದರೆ ದೇಶ ಎರಡು ಪಾಲಾಗಿತ್ತು. ಯುದ್ಧ ಬೇಡ ಎನ್ನುವವರಿಗೆ ಇವನ ಮುಖ ನೋಡಲು ಮನಸ್ಸಿಲ್ಲ, ಯುದ್ಧ ಬೇಕು ಎನ್ನುವವರಿಗೆ ಇವನು ಗೆದ್ದು ಬಂದವನಲ್ಲ. ಅಲ್ಲಿ ಏನಾಯಿತು ಮಗ ಎಂದು ಕೂರಿಸಿಕೊಂಡು ಕೇಳುವವರು ಸಿಗದೆ ಹೋದದ್ದು ಗಾಯವನ್ನು ಇನ್ನಷ್ಟು ಆಳ ಮಾಡಿತು ಎಂದೇ ನನ್ನ ನಂಬಿಕೆ.

ದೇಹ ಮರೆಯುವುದಿಲ್ಲ

ಜೀವಕ್ಕೆ ಅಪಾಯ ಎದುರಾದಾಗ ಮಿದುಳು ಯೋಚನೆಗೆ ಕಾಯುವುದಿಲ್ಲ. ಎದೆ ಹೊಡೆದುಕೊಳ್ಳುತ್ತದೆ, ಸ್ನಾಯು ಬಿಗಿಯುತ್ತವೆ, ಕಣ್ಣು ಕಿವಿ ಹರಿತವಾಗುತ್ತವೆ. ರಣರಂಗದಲ್ಲಿ ಇದೇ ಕಾಪಾಡುವುದು. ತಿಂಗಳುಗಟ್ಟಲೆ ಇದೇ ಸ್ಥಿತಿಯಲ್ಲಿ ಬದುಕಿದ ದೇಹಕ್ಕೆ ಇದೇ ರೂಢಿಯಾಗುತ್ತದೆ. ಊರಿಗೆ ಬಂದ ಮೇಲೂ ಅದು ಕಾವಲು ಬಿಡುವುದಿಲ್ಲ.

ಹೀಗಾಗಿ ಹೋಟೆಲಿಗೆ ಹೋದರೆ ಅವನು ಗೋಡೆಗೆ ಬೆನ್ನು ಹಾಕಿ, ಬಾಗಿಲು ಕಾಣುವ ಹಾಗೆ ಕೂರುತ್ತಾನೆ. ಗುಂಪು ಕಂಡರೆ ದಾರಿ ಬದಲಿಸುತ್ತಾನೆ. ಸ್ವಾತಂತ್ರ್ಯ ದಿನವಾದ ಜುಲೈ 4ರ ಪಟಾಕಿಗೆ ಮೇಜಿನ ಕೆಳಗೆ ಬೀಳುತ್ತಾನೆ, ಆಮೇಲೆ ಮಕ್ಕಳ ಮುಖ ನೋಡಲು ನಾಚುತ್ತಾನೆ. ಡೀಸೆಲ್ ವಾಸನೆ, ಹೆಲಿಕಾಪ್ಟರ್ ರೆಕ್ಕೆಯ ಸದ್ದು, ಹಸಿ ಎಲೆ ಕೊಳೆತ ನಾತ, ಯಾವುದು ಬೇಕಾದರೂ ಅವನನ್ನು ಹಿಂದಕ್ಕೆ ಎಳೆದೊಯ್ಯಬಲ್ಲದು. ಸಾಮಾನ್ಯ ನೆನಪಿಗೆ ಹೊತ್ತು, ಜಾಗ ಇರುತ್ತದೆ, ಇದು ಆಗಿಹೋದದ್ದು ಎಂದು ಮನಸ್ಸಿಗೆ ತಿಳಿದಿರುತ್ತದೆ. ಇಂಥ ನೆನಪಿಗೆ ಆ ಗುರುತು ಇಲ್ಲ. ಅದು ಬಂದಾಗಲೆಲ್ಲ ಈಗಲೇ ನಡೆಯುತ್ತಿರುವಂತೆ ಬರುತ್ತದೆ.

ಇಂಥ ಮನೆಗಳಲ್ಲಿ ಹೆಂಡತಿ ಬೇಗ ಕಲಿಯುವ ಪಾಠವೊಂದಿದೆ: ಮಲಗಿದ ಗಂಡನನ್ನು ಮುಟ್ಟಿ ಎಬ್ಬಿಸಬಾರದು. ಬಾಗಿಲ ಬಳಿ ನಿಂತು ಹೆಸರು ಹಿಡಿದು ಕೂಗಬೇಕು. ಮುಟ್ಟಿದರೆ ಪೂರ್ತಿ ಎಚ್ಚರವಾಗುವ ಮೊದಲೇ ಅವನ ಕೈ ಅವಳ ಕುತ್ತಿಗೆಯ ಮೇಲಿರಬಹುದು. ಹೀಗೆ ದೂರ ನಿಂತು ಕೂಗುವ ಸಂಸಾರದಲ್ಲಿ ಸಲಿಗೆ ಹೇಗೆ ಉಳಿಯಬೇಕು? ಯುದ್ಧಕ್ಕೆ ಹೋಗದ ಹೆಂಡತಿ ಮಕ್ಕಳೂ ಯುದ್ಧದ ಪಾಲು ಉಣ್ಣುವುದು ಹೀಗೆ.

ಯುದ್ಧಕ್ಕೆ ಹೋದ ಎಲ್ಲರಿಗೂ ಹೀಗಾಗುತ್ತದೆ ಎಂದಲ್ಲ. ಹೆಚ್ಚಿನವರು ಕೆಲಸ ಹಿಡಿದು, ಸಂಸಾರ ಮಾಡಿ, ಸಾಮಾನ್ಯ ಬದುಕು ಬದುಕಿದ್ದಾರೆ. ಅಮೆರಿಕದ ಸಂಸತ್ತಿನ ಆದೇಶದ ಮೇಲೆ 1980ರ ದಶಕದಲ್ಲಿ ನಡೆದ ದೊಡ್ಡ ಅಧ್ಯಯನವೊಂದು ವಿಯೆಟ್ನಾಂಗೆ ಹೋಗಿಬಂದ ಗಂಡಸರಲ್ಲಿ ನೂರಕ್ಕೆ 15 ಮಂದಿ ಆ ಹೊತ್ತಿಗೂ ಇಂಥ ತೊಂದರೆಯಲ್ಲಿದ್ದಾರೆ, ನೂರಕ್ಕೆ 30ರಷ್ಟು ಮಂದಿ ಒಂದಲ್ಲ ಒಂದು ಕಾಲಕ್ಕೆ ಅನುಭವಿಸಿದ್ದಾರೆ ಎಂದು ಕಂಡುಕೊಂಡಿತು. ಯುದ್ಧ ಮುಗಿದು ಹತ್ತು ವರ್ಷದ ಮೇಲಿನ ಲೆಕ್ಕ ಇದು.

ಹೇಡಿತನವಲ್ಲ, ಕಾಯಿಲೆ

ಒಂದನೇ ಮಹಾಯುದ್ಧದಲ್ಲಿ ಕಂದಕಗಳಲ್ಲಿದ್ದ ಸೈನಿಕರು ನಡುಗತೊಡಗಿದಾಗ, ಮಾತು ಕಳೆದುಕೊಂಡಾಗ, ಅದನ್ನು ಶೆಲ್ ಶಾಕ್ ಎಂದರು. 1915ರಲ್ಲಿ ಚಾರ್ಲ್ಸ್ ಮೈಯರ್ಸ್ ಎಂಬ ವೈದ್ಯರು ಆ ಬಗ್ಗೆ ಬರೆದರು. ಶೆಲ್ ಸಿಡಿದ ಆಘಾತದಿಂದ ಮಿದುಳು ಅದುರಿದೆ ಎಂದು ಮೊದಲು ಅಂದುಕೊಂಡಿದ್ದರು. ಶೆಲ್ ಹತ್ತಿರಕ್ಕೂ ಹೋಗದವರಿಗೆ ಅದೇ ತೊಂದರೆ ಬಂದಾಗ ಹಲವು ಅಧಿಕಾರಿಗಳ ಬಾಯಲ್ಲಿ ಬಂದ ಪದ ಹೇಡಿ. ಓಡಿಹೋದರು, ಹೆದರಿದರು ಎಂಬ ಆರೋಪದ ಮೇಲೆ ಬ್ರಿಟಿಷ್ ಸೇನೆ ತನ್ನದೇ ಸೈನಿಕರಿಗೆ ಗುಂಡಿಟ್ಟು ಕೊಂದಿತು. ಹಾಗೆ ಸತ್ತ 306 ಮಂದಿಗೆ ಬ್ರಿಟನ್ ಸರ್ಕಾರ ಕ್ಷಮಾದಾನ ಕೊಟ್ಟದ್ದು 2006ರಲ್ಲಿ. ಅವರಲ್ಲಿ ಎಷ್ಟು ಮಂದಿ ಕಾಯಿಲೆ ಬಿದ್ದವರೋ ಈಗ ಯಾರೂ ಹೇಳಲಾರರು.

ಅದೇ ಕಾಲದಲ್ಲಿ ಎಡಿನ್‌ಬರೋ ಬಳಿಯ ಕ್ರೇಗ್‌ಲಾಕ್‌ಹಾರ್ಟ್ ಆಸ್ಪತ್ರೆಯಲ್ಲಿ ಡಬ್ಲ್ಯು.ಎಚ್.ಆರ್. ರಿವರ್ಸ್ ಎಂಬ ವೈದ್ಯರು ಬೇರೆ ಮಾತು ಹೇಳುತ್ತಿದ್ದರು. ನಮ್ಮ ಗಡಿಯಾಚೆಯ ನೀಲಗಿರಿಯ ತೋಡರ ನಡುವೆ ಇದ್ದು ಅವರ ಬದುಕಿನ ಬಗ್ಗೆ 1906ರಲ್ಲಿ ದೊಡ್ಡ ಪುಸ್ತಕ ಬರೆದ ರಿವರ್ಸ್ ಇವರೇ. ಅಪರಿಚಿತರ ಎದುರು ಕೂತು ಕೇಳಿಸಿಕೊಳ್ಳುವುದು ಅವರಿಗೆ ಹೊಸದಲ್ಲ. ಆಗ ರೋಗಿಗೆ ಎಲ್ಲರೂ ಹೇಳುತ್ತಿದ್ದ ಬುದ್ಧಿಮಾತು ಒಂದೇ: ಅದನ್ನೆಲ್ಲ ಮರೆತುಬಿಡು. ಮರೆಯಲು ಹೆಣಗುವುದರಿಂದಲೇ ಕಾಯಿಲೆ ಹೆಚ್ಚುತ್ತದೆ, ಆದದ್ದನ್ನು ಹೇಳಿಕೊಳ್ಳಲಿ ಎಂದರು ರಿವರ್ಸ್. ಕವಿ ಸಿಗ್ಫ್ರೀಡ್ ಸಸೂನ್ 1917ರಲ್ಲಿ ಅವರ ಬಳಿ ಚಿಕಿತ್ಸೆ ಪಡೆದರು.

ಈ ತಿಳಿವಳಿಕೆ ಮುಂದಿನ ಯುದ್ಧಗಳ ಹೊತ್ತಿಗೆ ಬಹುಪಾಲು ಮರೆತುಹೋಗಿತ್ತು. ಅದನ್ನು ಮತ್ತೆ ಎತ್ತಿದವರು ವಿಯೆಟ್ನಾಂನಿಂದ ಬಂದವರು. 1970ರ ಕೊನೆಯಲ್ಲಿ ನ್ಯೂಯಾರ್ಕ್‌ನಲ್ಲಿ ಯುದ್ಧವಿರೋಧಿ ಮಾಜಿ ಸೈನಿಕರು ತಾವಾಗಿಯೇ ಸೇರಿ ಮಾತಾಡತೊಡಗಿದರು. ರಾಬರ್ಟ್ ಜೇ ಲಿಫ್ಟನ್, ಹೈಮ್ ಶಾಟನ್ ಎಂಬ ಮನೋವೈದ್ಯರನ್ನು ಕರೆದರು. ನೀವು ಮೇಲೆ ನಾವು ಕೆಳಗೆ ಎಂಬುದು ಬೇಡ, ನಮ್ಮೊಡನೆ ಸಮಕ್ಕೆ ಕೂತು ಕೇಳಿ ಎಂಬುದು ಆ ಸಭೆಗಳ ರೀತಿಯಾಗಿತ್ತು. ಕಂಡದ್ದು, ಮಾಡಿದ್ದು, ಮಾಡದೆ ಬಿಟ್ಟದ್ದು ಎಲ್ಲ ಅಲ್ಲಿ ಹೊರಬಂತು. ಆ ಕೋಣೆಗಳಲ್ಲಿ ಶುರುವಾದ ಒತ್ತಾಯದಿಂದ 1980ರಲ್ಲಿ ಅಮೆರಿಕದ ಮನೋವೈದ್ಯರ ಸಂಘ ತನ್ನ ಕೈಪಿಡಿಯಲ್ಲಿ ಆಘಾತದ ಬಳಿಕ ಕಾಡುವ ಈ ತೊಂದರೆಯನ್ನು ಪಿಟಿಎಸ್‌ಡಿ ಎಂಬ ಹೆಸರಿನಲ್ಲಿ ಕಾಯಿಲೆಯೆಂದು ಸೇರಿಸಿತು. ಅತ್ಯಾಚಾರಕ್ಕೆ, ಅಪಘಾತಕ್ಕೆ, ಭೂಕಂಪಕ್ಕೆ ಸಿಕ್ಕವರಿಗೂ ಇವತ್ತು ಅದರಿಂದ ನೆರವು ಸಿಗುತ್ತಿದೆ.

ಭಯದ ಗಾಯ ಬೇರೆ, ಪಾಪದ ಗಾಯ ಬೇರೆ

ಚಿಕಿತ್ಸೆ ಇದೆ, ಫಲವೂ ಕೊಡುತ್ತದೆ. ತಜ್ಞರ ಎದುರು ಆ ಘಟನೆಯನ್ನು ಮತ್ತೆ ಮತ್ತೆ, ಸ್ವಲ್ಪ ಸ್ವಲ್ಪವಾಗಿ ಹೇಳಿಸಿ ದೇಹದ ಹೆದರಿಕೆಯನ್ನು ಇಳಿಸುವ ವಿಧಾನಗಳಿವೆ. ನಿದ್ದೆಗೆ, ಕಳವಳಕ್ಕೆ ಔಷಧಗಳಿವೆ. ಇವುಗಳಿಂದ ಎಷ್ಟೋ ಮಂದಿ ಚೇತರಿಸಿಕೊಂಡಿದ್ದಾರೆ.

ಬಾಸ್ಟನ್‌ನಲ್ಲಿ ಮಾಜಿ ಸೈನಿಕರಿಗೆ ಚಿಕಿತ್ಸೆ ಕೊಡುತ್ತಿದ್ದ ಮನೋವೈದ್ಯ ಜೊನಾಥನ್ ಶೇ ಅವರಿಗೆ ಮಾತ್ರ ಇದರಲ್ಲಿ ಎಲ್ಲವೂ ಅಡಗಿಲ್ಲ ಅನ್ನಿಸಿತು. ತಮ್ಮ ರೋಗಿಗಳ ಮಾತಿನಲ್ಲಿ ಅವರಿಗೆ ಕೇಳಿಸಿದ್ದು ಗ್ರೀಕ್ ಕವಿ ಹೋಮರನ ಮಹಾಕಾವ್ಯದ ಯೋಧ ಅಕಿಲೀಸನ ದನಿ. 1994ರಲ್ಲಿ ಆ ಬಗ್ಗೆ ಪುಸ್ತಕ ಬರೆದರು. ನನ್ನನ್ನು ಕೊಲ್ಲುತ್ತಾರೆ ಎಂಬ ಭಯ ಒಂದು. ಸರಿ ಎಂದು ನಾನು ನಂಬಿದ್ದಕ್ಕೆ ದ್ರೋಹವಾಯಿತು ಎಂಬ ನೋವು ಇನ್ನೊಂದು. ಮೇಲಿನವರು ತಪ್ಪು ಮಾಡಿಸಿದಾಗ, ತಾನೇ ತಪ್ಪು ಮಾಡಿದಾಗ ಆಗುವ ಗಾಯ ಅದು. ಇದಕ್ಕೆ ಅವರು ಕೊಟ್ಟ ಹೆಸರು ನೈತಿಕ ಗಾಯ. ಭಯಕ್ಕೆ ಮದ್ದು ಕೊಡಬಹುದು. ಮಗುವನ್ನು ಕೊಂದವನಿಗೆ ನಿನ್ನ ಭಯ ಸುಳ್ಳು ಎಂದು ಹೇಳಿ ಏನು ಪ್ರಯೋಜನ? ಅವನ ದುಃಖ ಸುಳ್ಳಲ್ಲವಲ್ಲ.

ವಿಯೆಟ್ನಾಂನ ಬೌದ್ಧ ಗುರು ತಿಕ್ ನ್ಯಾಟ್ ಹಾನ್ ಅಮೆರಿಕದ ಮಾಜಿ ಸೈನಿಕರಿಗಾಗಿ ಧ್ಯಾನ ಶಿಬಿರಗಳನ್ನು ನಡೆಸಿದರು. ಅಲ್ಲಿಗೆ ಬಂದ ಒಬ್ಬನ ಕಥೆಯನ್ನು ಅವರು ಹೇಳುತ್ತಿದ್ದರು. ತನ್ನ ಗೆಳೆಯರು ಸತ್ತ ಸಿಟ್ಟಿನಲ್ಲಿ ಆತ ತಿಂಡಿಯೊಳಗೆ ಸ್ಫೋಟಕ ಸೇರಿಸಿ ಹಳ್ಳಿಯ ಬಾಗಿಲಲ್ಲಿ ಇಟ್ಟಿದ್ದ. ಐದು ಮಕ್ಕಳು ಅದನ್ನು ತಿಂದು ಸತ್ತರು. ತಾಯಿಗೊಬ್ಬಳಿಗೆ ಬಿಟ್ಟರೆ ಯಾರಿಗೂ ಅದನ್ನು ಹೇಳಿರಲಿಲ್ಲ, ಮಕ್ಕಳಿರುವ ಕೋಣೆಯಲ್ಲಿ ಕೂರಲು ಅವನಿಂದ ಆಗುತ್ತಿರಲಿಲ್ಲ. ಗುರುಗಳು ಅವನ ತಪ್ಪನ್ನು ತಪ್ಪಲ್ಲ ಎನ್ನಲಿಲ್ಲ. ಈ ಹೊತ್ತಿಗೂ ಔಷಧವಿಲ್ಲದೆ ಮಕ್ಕಳು ಸಾಯುತ್ತಿದ್ದಾರೆ, ಅವರಲ್ಲಿ ಐವರನ್ನು ನೀನು ಉಳಿಸಬಹುದಲ್ಲ ಎಂದರು. ಕ್ಷಮೆಯ ಬದಲು ಅವನ ಕೈಗೆ ಒಂದು ಕೆಲಸ ಕೊಟ್ಟರು. ಯುದ್ಧದ ಗಾಯದ ಬಗ್ಗೆ ಇದಕ್ಕಿಂತ ನೇರವಾದ ಉತ್ತರವನ್ನು ನಾನು ಎಲ್ಲೂ ಓದಿಲ್ಲ.

ಅವರ ಶಿಬಿರಕ್ಕೆ ಬಂದ ಇನ್ನೊಬ್ಬರು ಕ್ಲಾಡ್ ಥಾಮಸ್. 17ನೇ ವಯಸ್ಸಿಗೆ ಸೇನೆ ಸೇರಿ, 1966–67ರಲ್ಲಿ ಹೆಲಿಕಾಪ್ಟರಿನ ಬಂದೂಕಿನ ಹಿಂದೆ ಕೂತವರು. ಊರಿಗೆ ಬಂದ ಮೇಲೆ ಕುಡಿತ, ಮಾದಕ ವಸ್ತು, ಕೆಲಕಾಲ ಬೀದಿಪಾಲು. ವಿಯೆಟ್ನಾಂನವರೆಂದರೆ ಅವರಿಗೆ ಗೊತ್ತಿದ್ದದ್ದು ಶತ್ರು ಎಂದು ಮಾತ್ರ. ಆ ನೆಲದ ಒಬ್ಬ ಮನುಷ್ಯ ಸುಮ್ಮನೆ ನಡೆದು ಬಂದು ಎದುರು ಕೂತಾಗ ಅವರು ಅತ್ತುಬಿಟ್ಟರು. 1995ರಲ್ಲಿ ಜೆನ್ ದೀಕ್ಷೆ ಪಡೆದರು. ಆಶ್‌ವಿಟ್ಜ್‌ನಿಂದ ಹೊರಟ ಶಾಂತಿಯಾತ್ರೆಯಲ್ಲಿ ವಿಯೆಟ್ನಾಂವರೆಗೆ ನಡೆದರು. ನಿದ್ದೆ ಮಾತ್ರ ಅವರಿಗೆ ಪೂರ್ತಿ ಮರಳಲಿಲ್ಲ. ನಿದ್ದೆ ಬಾರದ್ದನ್ನೇ ಬದುಕಿನ ಭಾಗವೆಂದು ಒಪ್ಪಿಕೊಂಡ ಮೇಲೆ ಹೋರಾಟ ನಿಂತಿತು ಎಂದು ಬರೆದಿದ್ದಾರೆ. ನೆಮ್ಮದಿ ಎಂದರೆ ಪೂರ್ತಿ ವಾಸಿಯಾಗುವುದು ಎಂದು ಭಾವಿಸುವ ನಮಗೆ ಇದು ತಿಳಿದಿರಬೇಕು.

ಅಟ್ಟದ ಮೇಲಿನ ನೋಟ್‌ಬುಕ್ಕು

1969ರ ಮಾರ್ಚ್‌. ವಿಯೆಟ್ನಾಂನ ಮಧ್ಯದ ಗುಡ್ಡಗಾಡಿನ ಪ್ಲೇಕು ಪ್ರಾಂತ. ಕಾಲುದಾರಿಯ ತಿರುವಿನಲ್ಲಿ ಇಬ್ಬರು ಎದುರುಬದುರಾದರು. ಒಬ್ಬ ಅಮೆರಿಕದ ಯುವ ಅಧಿಕಾರಿ ಹೋಮರ್ ಸ್ಟೀಡ್ಲಿ. ಇನ್ನೊಬ್ಬ ಉತ್ತರ ವಿಯೆಟ್ನಾಂ ಸೇನೆಯ ಹುವಾಂಗ್ ನ್ಗೋಕ್ ಡಾಮ್. ಆತ ಹೆಗಲಿನಿಂದ ಬಂದೂಕು ಇಳಿಸುವಷ್ಟರಲ್ಲಿ ಸ್ಟೀಡ್ಲಿ ಗುಂಡು ಹೊಡೆದಾಗಿತ್ತು.

ಸತ್ತವನ ಜೇಬಿನಲ್ಲಿ ಕಾಗದಪತ್ರಗಳಿದ್ದವು, ಒಂದು ನೋಟ್‌ಬುಕ್ಕಿತ್ತು. ತೆರೆದು ನೋಡಿದರೆ ಅಚ್ಚುಕಟ್ಟಾದ ಅಕ್ಷರ, ದೇಹದ ಅಂಗಾಂಗಗಳ ಚಿತ್ರ. ತಾನು ಕೊಂದದ್ದು ಗಾಯಾಳುಗಳಿಗೆ ಪಟ್ಟಿ ಕಟ್ಟುವ ಒಬ್ಬ ವೈದ್ಯಕೀಯ ಸಹಾಯಕನನ್ನು ಎಂದು ಸ್ಟೀಡ್ಲಿಗೆ ತಿಳಿಯಿತು. ಆ ನೋಟ್‌ಬುಕ್ಕನ್ನು ಎಸೆಯಲು ಆಗಲಿಲ್ಲ. ಊರಿಗೆ, ತಾಯಿಯ ವಿಳಾಸಕ್ಕೆ ಕಳುಹಿಸಿದರು. ಆಕೆ ಅದನ್ನು ಅಟ್ಟದ ಮೇಲೆ ಜೋಪಾನವಾಗಿ ಇಟ್ಟರು. ಮಗ ಬಂದ, ಆ ಬಗ್ಗೆ ಮಾತಾಡಲಿಲ್ಲ. ಮೂರು ದಶಕಗಳಿಗೂ ಹೆಚ್ಚು ಕಾಲ ಅದು ಅಲ್ಲೇ ಇತ್ತು.

ಕೊನೆಗೊಮ್ಮೆ ಆ ಪೆಟ್ಟಿಗೆ ತೆರೆದ ಮೇಲೆ, ಇದು ನನ್ನದಲ್ಲ, ಅವನ ಮನೆಯವರದು ಎಂದು ಸ್ಟೀಡ್ಲಿ ನಿಶ್ಚಯಿಸಿದರು. ವಿಯೆಟ್ನಾಂನಲ್ಲಿ ಹೋರಾಡಿದ್ದ ಲೇಖಕ ವೇಯ್ನ್ ಕಾರ್ಲಿನ್ 2005ರಲ್ಲಿ ಅವನ್ನು ಉತ್ತರ ವಿಯೆಟ್ನಾಂನ ಥಾಯ್ ಬಿನ್ ಪ್ರಾಂತದ ಹಳ್ಳಿಗೆ ಮುಟ್ಟಿಸಿದರು. ಮಗನ ದೇಹವೂ ಸಿಗದೆ, ಸುದ್ದಿಯೂ ಸರಿಯಾಗಿ ತಿಳಿಯದೆ ಇದ್ದ ಮನೆ ಅದು. ಊರಿಗೆ ಊರೇ ಸೇರಿತು. ಆ ಕಾಗದಗಳನ್ನು ಅವರು ಬರಮಾಡಿಕೊಂಡದ್ದು ತಮ್ಮ ಹುಡುಗನೇ ಬಂದ ಹಾಗೆ.

ಯುದ್ಧದಲ್ಲಿ ಕಾಣೆಯಾದ ಲಕ್ಷಕ್ಕೂ ಹೆಚ್ಚು ವಿಯೆಟ್ನಾಂ ಸೈನಿಕರ ಅವಶೇಷ ಸಿಕ್ಕಿಲ್ಲ. ಮನೆಯಿಂದ ದೂರ, ಸಂಸ್ಕಾರವಿಲ್ಲದೆ ಸತ್ತವರ ಆತ್ಮ ಅಲೆದಾಡುತ್ತದೆ ಎಂದು ಅಲ್ಲಿನವರು ನಂಬುತ್ತಾರೆ. ನಮ್ಮ ಹಳ್ಳಿಯ ಅಜ್ಜಿಯರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 2008ರಲ್ಲಿ ಸ್ಟೀಡ್ಲಿ ತಾವೇ ಹೆಂಡತಿಯೊಡನೆ ಹೋದರು, ಡಾಮ್‌ನ ಒಡಹುಟ್ಟಿದವರ ಎದುರು ನಿಂತರು, ಅವನಿಗೆ ಊದುಬತ್ತಿ ಹಚ್ಚಿದರು. ಪ್ಲೇಕು ಕಡೆಯಿಂದ ಅವಶೇಷಗಳನ್ನು ತಂದು ಊರಿನಲ್ಲಿ ಮಣ್ಣು ಮಾಡುವ ಕೆಲಸದಲ್ಲಿ ಆ ಮನೆಯವರ ಜೊತೆಗಿದ್ದರು. ಒಡಹುಟ್ಟಿದವನನ್ನು ಕೊಂದವನನ್ನು ಮನೆಯೊಳಗೆ ಕರೆದು ಕೂರಿಸುವುದು ಸಣ್ಣ ಮಾತಲ್ಲ. ಹಾಗೆ ಮಾಡಲೇಬೇಕು ಎಂದು ಯಾವ ತಾಯಿಗೂ, ಯಾವ ಅಣ್ಣನಿಗೂ ಹೇಳುವ ಹಕ್ಕು ಹೊರಗಿನವರಿಗಿಲ್ಲ. ಅವರು ಮಾಡಿದರು, ಅದು ಅವರ ದೊಡ್ಡತನ.

ಸೋತವರಷ್ಟೇ ಸಂಕಟಪಟ್ಟರು, ಗೆದ್ದವರು ಹಾಯಾಗಿ ಮಲಗಿದರು ಎಂದು ಅಂದುಕೊಳ್ಳುವುದು ಬೇಡ. ಉತ್ತರ ವಿಯೆಟ್ನಾಂ ಸೇನೆಯಲ್ಲಿದ್ದ ಬಾವೋ ನಿನ್ ಅವರ ದಳಕ್ಕೆ ಸೇರಿದ 500 ಮಂದಿಯಲ್ಲಿ ಉಳಿದವರು ಹತ್ತೇ ಜನ. ಯುದ್ಧ ಮುಗಿದ ಮೇಲೆ ಕಾಡಿನಲ್ಲಿ ಸತ್ತವರನ್ನು ಹುಡುಕಿ ತರುವ ತಂಡದಲ್ಲಿ ಅವರು ಕೆಲಸ ಮಾಡಿದರು. ಯುದ್ಧದ ದುಃಖವನ್ನೇ ಹೆಸರಾಗಿಟ್ಟುಕೊಂಡ ಅವರ ಕಾದಂಬರಿಯ ನಾಯಕ ಗೆದ್ದ ಸೇನೆಯವನು, ಆದರೂ ರಾತ್ರಿಯಿಡೀ ಕೂತು ಬರೆಯುತ್ತಾನೆ, ಹರಿದು ಹಾಕುತ್ತಾನೆ, ಕುಡಿಯುತ್ತಾನೆ.

ಹೂತ ಬಾಂಬು ತೆಗೆಯುವವರು

ಚಕ್ ಸರ್ಸಿ 1967–68ರಲ್ಲಿ ಸೈಗಾನ್‌ನಲ್ಲಿ ಅಮೆರಿಕದ ಸೇನಾ ಗುಪ್ತಚರ ವಿಭಾಗದಲ್ಲಿದ್ದವರು. 1992ರಲ್ಲಿ ಪ್ರವಾಸಿಯಾಗಿ ವಿಯೆಟ್ನಾಂಗೆ ಹೋದರು, 1995ರಲ್ಲಿ ಹನೋಯ್‌ನಲ್ಲೇ ನೆಲೆ ನಿಂತರು. ಮೊದಲು ಅಂಗವಿಕಲ ಮಕ್ಕಳ ಕಾಲಿಗೆ ಆಧಾರದ ಪಟ್ಟಿ ಮಾಡಿಕೊಡುವ ಯೋಜನೆಯಲ್ಲಿ ದುಡಿದರು. 2001ರಲ್ಲಿ ಕ್ವಾಂಗ್ ತ್ರಿ ಪ್ರಾಂತದಲ್ಲಿ ಪ್ರಾಜೆಕ್ಟ್ ರಿನ್ಯೂ ಎಂಬ ಕೆಲಸ ಶುರುವಾಗಲು ಅವರೂ ಕಾರಣ. ಯುದ್ಧದಲ್ಲಿ ವಿಪರೀತ ಬಾಂಬು ಬಿದ್ದ ನೆಲ ಅದು. ಸಿಡಿಯದೆ ಉಳಿದವು ಗದ್ದೆ, ತೋಟ, ಶಾಲೆಯ ಬಯಲಲ್ಲಿ ಹೂತಿವೆ. ಗುದ್ದಲಿ ತಗುಲಿದರೆ ಸಿಡಿಯುತ್ತವೆ, ಚೆಂಡು ಎಂದು ಮಕ್ಕಳು ಎತ್ತಿದರೆ ಸಿಡಿಯುತ್ತವೆ. 1975ರಿಂದೀಚೆಗೆ ಹೀಗೆ ಸತ್ತವರು ಸುಮಾರು 40,000 ಎಂಬುದು ವಿಯೆಟ್ನಾಂ ಸರ್ಕಾರದ ಅಂದಾಜು. ಹೆಣ್ಣುಮಕ್ಕಳೂ ಸೇರಿದಂತೆ ಸ್ಥಳೀಯರ ತಂಡಗಳು ಲೋಹಶೋಧಕ ಹಿಡಿದು ಗೇಣು ಗೇಣು ನೆಲ ನೋಡುತ್ತವೆ. ಎಚ್ಚರವಾಗಿ ಇರುವುದು ಹೇಗೆಂದು ಶಾಲೆಗಳಲ್ಲಿ ಮಕ್ಕಳಿಗೆ ಹೇಳಿಕೊಡುತ್ತಾರೆ.

ಇಂಥ ದಾರಿ ಎಲ್ಲರಿಗೂ ಆಗದು. ಅಷ್ಟು ದೂರ ಹೋಗಲು ದುಡ್ಡು ಬೇಕು, ಅದಕ್ಕಿಂತ ಹೆಚ್ಚಾಗಿ ಗುಂಡಿಗೆ ಬೇಕು. ಆದರೆ ಒಂದು ಸಂಗತಿ ಗಮನಿಸಿ. ನೆಮ್ಮದಿ ಕಂಡ ಇವರಲ್ಲಿ ಯಾರೂ ಒಬ್ಬರೇ ಕೂತು ಅದನ್ನು ಪಡೆಯಲಿಲ್ಲ. ಒಬ್ಬರಿಗೆ ಕೇಳಿಸಿಕೊಳ್ಳುವ ಗುಂಪು ಸಿಕ್ಕಿತು, ಒಬ್ಬರಿಗೆ ಗುರು, ಒಬ್ಬರಿಗೆ ಸತ್ತವನ ಮನೆಯವರೇ ಸಿಕ್ಕರು. ನೆಮ್ಮದಿ ಸೈನಿಕನ ಮನಸ್ಸಿನ ವಿಚಾರ, ಅವನೇ ನೋಡಿಕೊಳ್ಳಲಿ ಎಂದು ಉಳಿದವರು ಕೈ ತೊಳೆದುಕೊಳ್ಳುವುದು ಅನ್ಯಾಯ. ಯುದ್ಧಕ್ಕೆ ಹೋದದ್ದು ಅವನೊಬ್ಬನ ತೀರ್ಮಾನವಾಗಿರಲಿಲ್ಲವಲ್ಲ.

ಮೆರವಣಿಗೆ ಮುಗಿದ ಮೇಲೆ

ನಮ್ಮ ನಾಡು ಸತ್ತ ವೀರನನ್ನು ಚೆನ್ನಾಗಿ ನೆನೆದಿದೆ. ಊರೂರಿನ ವೀರಗಲ್ಲುಗಳೇ ಸಾಕ್ಷಿ. ಬದುಕಿ ಬಂದವನ ಒಳಗುದಿಯ ಬಗ್ಗೆ ನಾವು ಕಡಿಮೆ ಮಾತಾಡಿದ್ದೇವೆ. ಗದುಗಿನ ನಾರಣಪ್ಪನ ಭಾರತ ಗದಾಪರ್ವಕ್ಕೆ ನಿಲ್ಲುತ್ತದೆ. ಉಳಿದ ಪರ್ವಗಳನ್ನು ಕೃಷ್ಣದೇವರಾಯನ ಕಾಲದಲ್ಲಿ ತಿಮ್ಮಣ್ಣ ಕವಿ ಕನ್ನಡಕ್ಕೆ ತಂದ, ಅದನ್ನು ಓದುವವರು ಕಡಿಮೆ. ವ್ಯಾಸರ ಶಾಂತಿಪರ್ವ ಶುರುವಾಗುವುದೇ ಗೆದ್ದ ಧರ್ಮರಾಯನ ಅಳುವಿನಿಂದ. ಕರ್ಣ ಅಣ್ಣನೆಂದು ತಿಳಿದ ಮೇಲೆ ಅವನಿಗೆ ರಾಜ್ಯ ಬೇಡ, ಕಾಡಿಗೆ ಹೋಗುತ್ತೇನೆ ಎನ್ನುತ್ತಾನೆ. ತಮ್ಮಂದಿರು, ದ್ರೌಪದಿ, ವ್ಯಾಸರು, ಕೃಷ್ಣ ಒಬ್ಬರಾದ ಮೇಲೆ ಒಬ್ಬರು ಅವನ ಬಳಿ ಕೂತು ಮಾತಾಡುತ್ತಾರೆ. ಬೈಯುತ್ತಾರೆ, ಸಮಾಧಾನ ಹೇಳುತ್ತಾರೆ, ಆದರೆ ಯಾರೂ ಅವನನ್ನು ಒಂಟಿಯಾಗಿ ಬಿಡುವುದಿಲ್ಲ.

ಬೆಳಗಾವಿ, ವಿಜಯಪುರ, ಬಾಗಲಕೋಟೆ ಕಡೆಯ ಹಳ್ಳಿಗಳಲ್ಲಿ ಈಗ ಒಳ್ಳೆಯ ರೂಢಿಯೊಂದು ಬೆಳೆದಿದೆ. ಸೇವೆ ಮುಗಿಸಿ ಬಂದ ಯೋಧನನ್ನು ತೆರೆದ ಜೀಪಿನಲ್ಲಿ ಕೂರಿಸಿ, ಹಾರ ಹಾಕಿ, ಡೊಳ್ಳು ಬಾರಿಸುತ್ತ ಊರೆಲ್ಲ ಮೆರೆಸುತ್ತಾರೆ. ಶಾಲೆಯ ಮಕ್ಕಳು ಹೂ ಎರಚುತ್ತಾರೆ, ತಾಯಿ ಆರತಿ ಎತ್ತುತ್ತಾಳೆ. ಓಕ್‌ಲ್ಯಾಂಡ್‌ನಿಂದ ಒಬ್ಬಂಟಿಯಾಗಿ ಹೊರಟ ಹುಡುಗರಿಗೆ ಸಿಗದೆ ಹೋದದ್ದು ಇದೇ. ಇದನ್ನು ಆಡಂಬರ ಎಂದು ಹಗುರವಾಗಿ ಕಾಣಬಾರದು.

ಮರುದಿನದಿಂದ ಏನು ಎಂಬುದು ಪ್ರಶ್ನೆ. ಜವಾನನಾಗಿ ಸೇರಿದವನು ನಿವೃತ್ತನಾಗುವಾಗ ಹೆಚ್ಚಾಗಿ ನಲವತ್ತರ ಒಳಗಿರುತ್ತಾನೆ. ಹೆಚ್ಚಿನವರಿಗೆ ಸಿಗುವುದು ಬ್ಯಾಂಕಿನ, ಎಟಿಎಮ್ಮಿನ, ಕಾರ್ಖಾನೆಯ ಕಾವಲು ಕೆಲಸ. ಕಾರ್ಗಿಲ್‌ನಲ್ಲೋ ಕಾಶ್ಮೀರದ ಗಸ್ತಿನಲ್ಲೋ ಪಕ್ಕದವನು ಬಿದ್ದದ್ದನ್ನು ಕಂಡವನು ಅದನ್ನು ಯಾರ ಬಳಿ ಹೇಳಬೇಕು? ಸೈನಿಕ ಕಲ್ಯಾಣ ಇಲಾಖೆಯ ಜಿಲ್ಲಾ ಕಚೇರಿಗಳಲ್ಲಿ ಪಿಂಚಣಿ, ನಿವೇಶನ, ಮಕ್ಕಳ ಮೀಸಲಾತಿಯ ಕೆಲಸ ನಡೆಯುತ್ತದೆ. 2003ರಲ್ಲಿ ಶುರುವಾದ ಇಸಿಎಚ್‌ಎಸ್ ಆರೋಗ್ಯ ಯೋಜನೆಯಲ್ಲಿ ಚಿಕಿತ್ಸೆ ಸಿಗುತ್ತದೆ. ಆದರೆ ನಿದ್ದೆ ಬರುತ್ತಿಲ್ಲ ಎಂದು ಆ ಕಚೇರಿಯ ಮೇಜಿನ ಎದುರು ಬಾಯಿಬಿಡುವ ಯೋಧ ಅಪರೂಪ. ಹೇಳಿಕೊಂಡರೆ ಊರವರು ಹುಚ್ಚು ಎಂದಾರು ಎಂಬ ಅಂಜಿಕೆ.

ಆ ಅಂಜಿಕೆಯನ್ನು ಕಳೆಯುವುದು ಸರ್ಕಾರವೊಂದರಿಂದಲೇ ಆಗುವ ಕೆಲಸವಲ್ಲ. ಮಾಜಿ ಸೈನಿಕರ ಸಂಘಗಳು ತಿಂಗಳಿಗೊಮ್ಮೆ ಸೇರುತ್ತವೆ, ಪಿಂಚಣಿ ಪರಿಷ್ಕರಣೆಯ ಮಾತು ಮುಗಿದ ಮೇಲೆ ಅರ್ಧ ತಾಸು ಇದಕ್ಕೂ ಇಡಬಹುದು. ನ್ಯೂಯಾರ್ಕ್‌ನ ಆ ಹುಡುಗರು ಶುರು ಮಾಡಿದ್ದು ಹಾಗೆಯೇ, ಯಾರ ಅನುದಾನಕ್ಕೂ ಕಾಯದೆ. ಮನೆಯವರಿಗೂ ಗೊತ್ತಿರಬೇಕಾದ ನಂಬರೊಂದಿದೆ. ಕೇಂದ್ರ ಸರ್ಕಾರದ ಟೆಲಿ ಮಾನಸ್ ಸೇವೆಗೆ 14416 ಒತ್ತಿ ಯಾವ ಹೊತ್ತಿನಲ್ಲಾದರೂ ಕನ್ನಡದಲ್ಲೇ ಮಾತಾಡಬಹುದು, ಶುಲ್ಕವಿಲ್ಲ. 2022ರಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಮುಂದಾಳತ್ವದಲ್ಲಿ ಅದು ಆರಂಭವಾಯಿತು. 2023ರ ಡಿಸೆಂಬರ್‌ನಲ್ಲಿ ಸೈನಿಕರಿಗೂ ಅವರ ಮನೆಯವರಿಗೂ ಎಂದು ಪುಣೆಯ ಸಶಸ್ತ್ರ ಪಡೆಗಳ ವೈದ್ಯಕೀಯ ಕಾಲೇಜಿನಲ್ಲಿ ಇದರ ಪ್ರತ್ಯೇಕ ವಿಭಾಗ ತೆರೆಯಿತು.